ಉಪವಾಸ ಕಳಿಸಬಾರದ ಪಾತ್ರೆಗಳು

ಅಟ್ಟದಲ್ಲಿ ಅರ್ಧ, ಸ್ಟೂಲಿನ ಮೇಲೆ ಅರ್ಧ ನಿಂತುಕೊಂಡು ನಾನು ಮೊದಲು ಕೆಳಗಿಳಿಸಿದ್ದು ಒಂದು ಸ್ಟೀಲಿನ ಬೋಗುಣಿ. ಅದರ ಕಂಠದ ಸುತ್ತ ಚುಕ್ಕೆ ಚುಕ್ಕೆಯಾಗಿ ಅಕ್ಷರ ಕೊರೆದಿತ್ತು. ಕನ್ನಡಕ ಒರೆಸಿಕೊಂಡು ಓದಿದೆ: ‘ಕಮಲಾಗೆ, ತಮ್ಮನ ಮದುವೆಯ ನೆನಪಿಗೆ.’ ನನ್ನ ಹೆಂಡತಿಯ ಹೆಸರು ಗಿರಿಜಾ. ಅವಳಿಗೆ ತಮ್ಮನೂ ಇಲ್ಲ. ಇನ್ನೊಂದು ತೆಗೆದೆ. ಅದು ಮುಚ್ಚಳದ ಡಬ್ಬಿ. ಮೇಲೆ ಯಾವುದೋ ರಂಗೋಲಿ ಸ್ಪರ್ಧೆಯ ಎರಡನೆಯ ಬಹುಮಾನವೆಂದು ಬರೆದಿತ್ತು. ನಮ್ಮ ಮನೆಯಲ್ಲಿ ರಂಗೋಲಿ ಹಾಕಿದರೆ ನೋಡಿದವರು ಮಳೆನೀರು ಹರಿದ ಗುರುತೆಂದುಕೊಂಡು ದಾಟಿ ಹೋಗುತ್ತಾರೆ. ಆ ಬಹುಮಾನ ನಮ್ಮದಾಗಿರಲು ಸಾಧ್ಯವಿಲ್ಲ. ಆಮೇಲೆ ಒಂದು ತಾಟು, ಎರಡು ವಾಟಿ, ಕಿವಿ ಮುರಿದ ಒಂದು ಕುಕ್ಕರು. ಎಲ್ಲದರ ಮೇಲೂ ಯಾರ ಯಾರದೋ ಹೆಸರು. ಒಂದು ಗಂಟೆಯೊಳಗೆ ಅಡುಗೆಮನೆಯ ನೆಲದ ಮೇಲೆ ಅರ್ಧ ಓಣಿಯೇ ಬಂದು ಕುಳಿತಂತಾಯಿತು.

ನಿಮ್ಮ ಮನೆಯಲ್ಲೂ ಇಂಥವು ಇರುತ್ತವೆ. ಇಲ್ಲವೆನ್ನಬೇಡಿ. ಎದ್ದು ಹೋಗಿ ಒಮ್ಮೆ ಅಟ್ಟ ನೋಡಿ ಬನ್ನಿ, ನಾನು ಕಾಯುತ್ತೇನೆ.

ಕಾರವಾರದ ಆ ಬಾಡಿಗೆ ಮನೆಯಲ್ಲಿ ನಾವು ಇಪ್ಪತ್ತಾರು ವರ್ಷ ಇದ್ದೆವು. ಈಗ ಅಂಕೋಲೆ ತಾಲೂಕಿನ ಅಗಸೂರಿನಲ್ಲಿ, ನನ್ನ ಪಾಲಿಗೆ ಬಂದ ತುಂಡು ಜಾಗದಲ್ಲಿ, ಒಂದು ಪುಟ್ಟ ಮನೆ ಎದ್ದು ನಿಂತಿತ್ತು. ಗಂಗಾವಳಿ ಹೊಳೆ ಒಂದು ಮಳೆಗಾಲದಲ್ಲಿ ಅಲ್ಲಿಯ ಅಂಗಳದವರೆಗೆ ಬಂದು ನೋಡಿಕೊಂಡು ಹೋಗಿದ್ದರಿಂದ ಅಡಿಪಾಯವನ್ನೇ ಆಳೆತ್ತರ ಎಬ್ಬಿಸಬೇಕಾಯಿತು. ಉಳಿದ ದುಡ್ಡಿಗೆ ಆದದ್ದು ಎರಡು ಕೋಣೆ, ಒಂದು ಅಡುಗೆಮನೆ. ಅಟ್ಟವಿಲ್ಲ. ಅಟ್ಟವಿಲ್ಲದ ಮನೆಗೆ ಹೊರಟವರು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕೆಂದು ಮಗಳು ಮೇಘಾ ಅಪ್ಪಣೆ ಕೊಡಿಸಿದಳು. ಅವಳು ಅಂಕೋಲೆಯ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಯಾವ ವಸ್ತುವಿಗೂ ಒಂದು ಕೊನೆಯ ತಾರೀಖು ಇರಬೇಕೆಂಬುದು ಅವಳ ನಂಬಿಕೆ. ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ, ನೆಲದ ಮೇಲೆ ಸೀಮೆಸುಣ್ಣದಿಂದ ಮೂರು ಚೌಕ ಬರೆದಳು: ಬೇಕು, ಕೊಡೂದು, ಬೇಡ. ಒಂದು ವರ್ಷ ಮುಟ್ಟದ ವಸ್ತು ‘ಬೇಕು’ ಚೌಕದೊಳಗೆ ಕಾಲಿಡಕೂಡದು. ಹಾಗಾದರೆ ನಿನ್ನ ವ್ಯಾಯಾಮದ ಚಾಪೆ ಎಲ್ಲಿ ಕೂರುತ್ತದೆ ಎಂದು ಕೇಳಿದೆ.

ನಾನು ಬೈತಖೋಲದ ಬಂದರಿನಲ್ಲಿ ಹಡಗಿಗೆ ಸರಕು ಏರಿಸುವ, ಇಳಿಸುವ ಕೆಲಸ ನೋಡಿಕೊಂಡು ಮೂವತ್ತು ವರ್ಷ ಕಳೆದವನು. ಎಂಥೆಂಥ ಹಡಗನ್ನು ಬರಿದು ಮಾಡಿಸಿ ಕಳಿಸಿದ್ದೇನೆ, ಒಂದು ಅಟ್ಟ ಯಾವ ಲೆಕ್ಕ ಎಂಬ ಧೈರ್ಯ ನನಗಿತ್ತು. ಆದರೆ ಮೊದಲು ಸಿಕ್ಕಿಬಿದ್ದದ್ದು ನನ್ನದೇ ಗಂಟು. ಅದರೊಳಗೆ ಕೊಡೆಯ ಕಡ್ಡಿಗಳು, ಬೀಗ ಕಳೆದುಹೋದ ಕೀಲಿಕೈಗಳು, ಸತ್ತ ರೇಡಿಯೋದ ಚರ್ಮದ ಅಂಗಿ, ಮತ್ತು ಹಗ್ಗ. ಬಂದರಿನಲ್ಲಿ ಕತ್ತರಿಸಿ ಬಿಸಾಡಿದ ಗಟ್ಟಿ ಹಗ್ಗದ ತುಂಡು ಕಂಡರೆ ನನಗೆ ಬಿಟ್ಟುಬರಲು ಮನಸ್ಸಾಗುತ್ತಿರಲಿಲ್ಲ. ಒಂದಿನ ಬೇಕಾಗ್ತದೆ, ಎಂದು ನನ್ನ ಹೆತ್ತ ಆಯಿ ಹೇಳುತ್ತಿದ್ದ ಮಾತು ಕಿವಿಯಲ್ಲೇ ಕೂತಿತ್ತು. ಮಗಳು ಹಗ್ಗದ ಸುರುಳಿಗಳನ್ನು ಒಂದೊಂದಾಗಿ ಎಳೆದು ಹಾಕಿದಳು.

“ಪಪ್ಪಾ, ಈ ಮನೆ ಗಾಳಿಗೆ ಹಾರ್ತದೆ ಅಂತ ಕಟ್ಟಿ ಇಡೂಕೆ ತಂದಿದ್ಯಾ?”

ಹಗ್ಗವೆಲ್ಲ ‘ಬೇಡ’ ಚೌಕಕ್ಕೆ ಹೋಯಿತು. ಒಂದೇ ಒಂದು ತುಂಡನ್ನು ನಾನು ಲುಂಗಿಯ ಮಡಿಲಲ್ಲಿ ಅಡಗಿಸಿಟ್ಟುಕೊಂಡೆ. ಅದನ್ನು ಅವಳಿಗೆ ನೀವು ಹೇಳಬೇಡಿ.

ಪಾತ್ರೆಗಳ ಮುಂದೆ ಮಾತ್ರ ಅವಳ ಮೂರು ಚೌಕವೂ ಸೋತವು. ಇವು ನಮ್ಮವಲ್ಲ, ಹಾಗಾಗಿ ‘ಬೇಕು’ ಅನ್ನುವ ಹಾಗಿಲ್ಲ. ಬೇರೆಯವರ ಸೊತ್ತನ್ನು ‘ಬೇಡ’ ಅನ್ನುವಂತೆಯೂ ಇಲ್ಲ. ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಸಂಜೆಯೊಳಗೆ ಮನೆಮನೆಗೆ ಮುಟ್ಟಿಸಿ ಬಾ ಎಂದು ಅವಳು ನನಗೆ ಹೇಳಿದ್ದೇ ತಡ, ಗಿರಿಜೆ ಒಲೆಯ ಬಳಿಯಿಂದ ತಿರುಗಿದಳು. ಖಾಲಿ ಪಾತ್ರೆ ಯಾರಾದರೂ ಕೊಡ್ತಾರಾ, ಎಂದಳು. ಮೊಬೈಲಿನವರಿಗೆ ಗೊತ್ತಿಲ್ಲದ ಸಂಗತಿ ಇದು. ನಮ್ಮ ಕಡೆ ಯಾರಾದರೂ ತಿನ್ನುವ ಪದಾರ್ಥ ಕಳಿಸಿದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ, ಸಾರಿನ ಹುಳಿಗೆ ನಾಲ್ಕು ಮುರುಗಲ ಸಿಪ್ಪೆ, ಒಂದು ನಿಂಬೆಹಣ್ಣಾದರೂ ಬೇಕು. ಪಾತ್ರೆಗೂ ಹೊಟ್ಟೆಯಿದೆ, ಅದನ್ನು ಉಪಾಸ ಕಳಿಸಬೇಡಿ ಎಂದು ಆಯಿ ಹೇಳುತ್ತಿದ್ದಳು. ಕೊಡಲು ಏನೂ ಸಿದ್ಧವಿಲ್ಲದ ದಿನ ಪಾತ್ರೆ ತೊಳೆಸಿಕೊಂಡು ಅಟ್ಟಕ್ಕೆ ಏರುತ್ತದೆ. ಅಲ್ಲಿಂದ ಅದು ಇಳಿಯುವುದು ಮನೆ ಬದಲಿಸುವಾಗಲೇ.

ಈಗ ಯೋಚಿಸಿದರೆ, ನಮ್ಮ ಹಿರಿಯರಿಗೆ ಉಪಕಾರವಾಯಿತು ಎಂದು ಬಾಯಿಬಿಟ್ಟು ಹೇಳಲು ಬರುತ್ತಲೇ ಇರಲಿಲ್ಲ. ಹೈಸ್ಕೂಲಿನಲ್ಲಿ ಕಲಿತ ಹುರುಪಿನಲ್ಲಿ ನಾನೊಮ್ಮೆ ಅತ್ತೆ ಕೊಟ್ಟ ಹಲಸಿನ ಹಪ್ಪಳಕ್ಕೆ ಥ್ಯಾಂಕ್ಸ್ ಎಂದುಬಿಟ್ಟೆ. ಆಕೆ ನನ್ನ ಹಣೆ ಮುಟ್ಟಿ ನೋಡಿ, ಜ್ವರ ಬಂದದೆಯಾ ಹೇಗೆ ಎಂದು ಆಯಿಯನ್ನು ಕೇಳಿದಳು. ಹೇಳಬೇಕಾದದ್ದನ್ನೆಲ್ಲ ಮರಳಿ ಹೋಗುವ ಪಾತ್ರೆಯೇ ಹೇಳುತ್ತಿತ್ತು. ಕಳೆದ ವಾರ ಬಂದ ಕೊಟ್ಟೆಕಡಬಿನ ತಾಟು ಈ ವಾರ ಮಾವಿನಹಣ್ಣು ಹೊತ್ತು ಹೋದರೆ, ಎರಡು ಮನೆಯ ನಡುವೆ ಮಾತು ಮುಗಿದಿಲ್ಲ ಎಂದರ್ಥ.

ಅಂತೂ ಮನೆ ಹಗುರ ಮಾಡಲೆಂದು ನಾವು ಎರಡು ದಿನ ಅಡುಗೆ ಮಾಡಿದೆವು. ಗಿರಿಜೆ ಸುಕ್ಕಿನುಂಡೆ ಕರಿದಳು, ಮಗಳು ಬೈಯುತ್ತಲೇ ಹೆಸರುಕಾಳು ಅರೆದು ಕೊಟ್ಟಳು, ನಾನು ಸ್ಕೂಟರಿನ ಮುಂದೆ ಬೋಗುಣಿಗಳನ್ನು ಇಟ್ಟುಕೊಂಡು ಓಣಿ ಓಣಿ ಸುತ್ತಿದೆ. ಹತ್ತು ವರ್ಷದ ಹಿಂದೆ ಕಳೆದುಹೋದ ಬೋಗುಣಿಯನ್ನು ಕಂಡ ಕಮಲಕ್ಕ, ಇದನ್ನು ನಾದಿನಿ ಕದ್ದಳೆಂದು ನಾನು ಇಷ್ಟು ದಿನ ಅವಳ ಹತ್ತಿರ ಸರಿಯಾಗಿ ಮಾತೇ ಆಡಿಲ್ಲವಲ್ಲ ಎಂದು ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ಎದ್ದು, ಹೊಸ ಮನೆಗೆ ಹೋಗುವವರಿಗೆಂದು ಇನ್ನೂ ದೊಡ್ಡದೊಂದು ಡಬ್ಬಿಯ ತುಂಬ ಉಪ್ಪುಹಾಕಿದ ಮಾವಿನ ಮಿಡಿ ಕೊಟ್ಟಳು. ರಂಗೋಲಿಯ ಎರಡನೆಯ ಬಹುಮಾನದವರು ಸಂಡಿಗೆ ಕೊಟ್ಟರು, ಅದೂ ಡಬ್ಬಿ ಸಮೇತ. ಹೋಗುವಾಗ ಆರು ಪಾತ್ರೆ ಒಯ್ದವನು ಬರುವಾಗ ಏಳು ತಂದೆ. ಮಗಳು ಚೌಕಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಹಾಕಿ ಮಲಗಲು ಹೋದಳು.

ಮರುದಿನ ಬೆಳಿಗ್ಗೆ ಅಟ್ಟದ ಹಿಂಬದಿಯ ಮೂಲೆಯಿಂದ ಹಳೆಯ ಟವೆಲಿನಲ್ಲಿ ಸುತ್ತಿದ ಇನ್ನೊಂದು ಡಬ್ಬಿ ಹೊರಬಂತು. ಹಿಡಿಕೆಯಿರುವ ಅಲ್ಯುಮಿನಿಯಂ ಡಬ್ಬಿ. ಹೆಸರಿಲ್ಲ. ಅಡಿಯಲ್ಲಿ ತಗ್ಗು ಬಿದ್ದಿತ್ತು, ಹಿಡಿಕೆಯ ಒಂದು ಕಡೆ ತಂತಿ ಸುತ್ತಿತ್ತು. ಇದಕ್ಕಾದರೂ ವಾರಸುದಾರರಿಲ್ಲವಲ್ಲ ಎಂದು ಮಗಳು ಅದನ್ನು ಗುಜರಿ ಚೀಲಕ್ಕೆ ಹಾಕಿದಳು. ಗಿರಿಜೆ ಹಿಟ್ಟಿನ ಕೈಯಲ್ಲೇ ಬಂದು, ಅದನ್ನು ಚೀಲದಿಂದ ತೆಗೆದು, ಸೆರಗಿನಿಂದ ಒರೆಸಿ, ಮಡಿಲಲ್ಲಿಟ್ಟುಕೊಂಡು ಕೂತಳು. ಎಷ್ಟೋ ವರ್ಷದಿಂದ ನಾವಿಬ್ಬರೂ ಮಾತಾಡದೆ ಬಿಟ್ಟಿದ್ದ ಸಂಗತಿ ಅದು. ಅವತ್ತು ಮಗಳಿಗೆ ಹೇಳಲೇಬೇಕಾಯಿತು.

ಮೇಘಾ ಹುಟ್ಟಿದಾಗ ಗಿರಿಜೆಗೆ ಕಾಮಾಲೆಯಾಯಿತು. ಆಸ್ಪತ್ರೆಯಿಂದ ಮನೆಗೆ ಬಿಡಲಿಲ್ಲ. ಆಯಿ ಆಗ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು, ನನಗೆ ಚಹಾ ಬಿಟ್ಟು ಬೇರೇನೂ ಮಾಡಲು ಬರುತ್ತಿರಲಿಲ್ಲ. ನಮ್ಮ ಓಣಿಗೆ ಬುಟ್ಟಿ ಹೊತ್ತು ಮೀನು ಮಾರಲು ಬರುತ್ತಿದ್ದವರು ಬೈತಖೋಲದ ದೇವಕಿಬಾಯಿ. ಮೂರು ದಿನ ನಮ್ಮ ಬಾಗಿಲು ತೆರೆಯದ್ದನ್ನು ಕಂಡು ಅವರು ಪಕ್ಕದ ಮನೆಯವರನ್ನು ವಿಚಾರಿಸಿದರಂತೆ. ನಾಲ್ಕನೆಯ ದಿನ ಬೆಳಕು ಹರಿಯುವ ಮೊದಲೇ ಆಸ್ಪತ್ರೆಯ ಹಾಸಿಗೆಯ ಬಳಿ ಬಂದು ನಿಂತರು. ಕೈಯಲ್ಲಿ ಈ ಡಬ್ಬಿ. ಅದರಲ್ಲಿ ಕುಚ್ಚಲಕ್ಕಿಯ ತೆಳ್ಳಗಿನ ಗಂಜಿ, ಉಪ್ಪು ಕಮ್ಮಿ. ಹತ್ತೊಂಬತ್ತು ದಿನ ಹೀಗೇ ನಡೆಯಿತು. ಇವತ್ತು ತುಂಬಿದ ಡಬ್ಬಿ ಇಟ್ಟು ನಿನ್ನೆಯದನ್ನು ಒಯ್ಯುವುದು. ಎರಡು ಡಬ್ಬಿ ಹೀಗೆ ಓಡಾಡಿದವು. ಆ ಹತ್ತೊಂಬತ್ತು ದಿನವೂ ಅವರು ಬಂದರಿನ ಮೀನು ಹರಾಜಿಗೆ ತಡವಾಗಿಯೇ ಮುಟ್ಟುತ್ತಿದ್ದರು, ಒಳ್ಳೆಯ ಮೀನೆಲ್ಲ ಹೋಗಿ ಮಿಕ್ಕ ಸಣ್ಣಪುಟ್ಟದ್ದಷ್ಟೇ ಅವರ ಬುಟ್ಟಿಗೆ ಬೀಳುತ್ತಿತ್ತು ಎಂಬುದು ನನಗೆ ಎಷ್ಟೋ ತಿಂಗಳ ಮೇಲೆ ತಿಳಿಯಿತು. ಬಂದರಿನಲ್ಲೇ ಇದ್ದವನಿಗೆ.

ಬಿಡುಗಡೆಯಾದ ದಿನ ಒಂದು ಡಬ್ಬಿ ನಮ್ಮಲ್ಲೇ ಉಳಿಯಿತು. ಅದನ್ನು ತುಂಬಿಸಿ ಕಳಿಸಬೇಕು, ಆದರೆ ಹತ್ತೊಂಬತ್ತು ದಿನದ ಗಂಜಿಗೆ ಏನು ಹಾಕುವುದು? ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟರೆ ನಾವು ಮನುಷ್ಯರಾ ಎಂದಳು ಆಯಿ. ಮಗುವಿನ ನಾಮಕರಣದ ಪಾಯಸ ಕಳಿಸೋಣವೆಂದುಕೊಂಡೆವು. ಆ ದಿನ ಪಾಯಸ ತಳ ಹಿಡಿಯಿತು, ಸೀದ ಪಾಯಸವನ್ನು ಅವರಿಗೆ ಕೊಡಲು ಮನಸ್ಸು ಬರಲಿಲ್ಲ. ಅಂಕೋಲೆಯಿಂದ ಮೊದಲ ಇಶಾಡ ಮಾವು ಬಂದಾಗ ಕೊಡೋಣವೆಂದೆವು. ಆ ವರ್ಷ ಕಾಯಿಯೆಲ್ಲ ಹುಳ. ದೀಪಾವಳಿಗೆ ಸಿಹಿ ಮಾಡಿದರೆ ಅವರ ಮನೆಯಲ್ಲಿ ಸೂತಕ. ಹೀಗೆ ವರ್ಷ ಕಳೆಯಿತು. ತಡವಾದಷ್ಟೂ ಡಬ್ಬಿಯಲ್ಲಿ ಹಾಕುವ ವಸ್ತು ಇನ್ನೂ ದೊಡ್ಡದಾಗಬೇಕೆನಿಸುತ್ತಿತ್ತು. ಡಬ್ಬಿ ಮಾತ್ರ ಅಷ್ಟೇ ಇತ್ತು. ಒಂದು ಸೀರೆ ಕೊಡೋಣ ಎಂದೆ. ಸೀರೆಯನ್ನು ಡಬ್ಬಿಯೊಳಗೆ ತುರುಕುತ್ತೀರಾ ಎಂದು ಆಯಿ ಕೇಳಿದಳು.

ಅಷ್ಟರಲ್ಲಿ ದೇವಕಿಬಾಯಿ ನಮ್ಮ ಓಣಿಗೆ ಬರುವುದೇ ನಿಂತಿತು. ಬೇರೆ ಯಾರೋ ಬುಟ್ಟಿ ಹೊತ್ತು ಬರತೊಡಗಿದರು. ಅವರಿಗೆ ಸಿಟ್ಟು ಬಂದಿದೆ ಎಂದು ನಾವು ಮೂವರೂ ತೀರ್ಮಾನಿಸಿಕೊಂಡೆವು. ಬರಬೇಕಾದದ್ದೇ ಅಲ್ಲವೇ? ಬಂದರಿನ ಕಡೆ ಅವರು ದೂರದಲ್ಲಿ ಕಂಡರೆ ನಾನು ಇನ್ನೊಂದು ಗೇಟಿನಿಂದ ಹೊರಬೀಳುತ್ತಿದ್ದೆ. ಮೀನು ಪೇಟೆಯಲ್ಲಿ ಅವರಿಗೆ ಬೆನ್ನು ಹಾಕಿ ನಿಂತು, ಬೆನ್ನು ಹಾಕಿದ ಗಡಿಬಿಡಿಯಲ್ಲಿ ಕಣ್ಣು ಕೆಂಪಾದ ಹಳೆಯ ಬಂಗಡೆ ಕೊಂಡು, ಮನೆಯಲ್ಲಿ ಬೈಸಿಕೊಳ್ಳುತ್ತಿದ್ದೆ. ಆಯಿ ತೀರಿಕೊಳ್ಳುವ ಮೊದಲು ಎರಡು ಸಲ ಆ ಡಬ್ಬಿಯ ವಿಷಯ ಎತ್ತಿದ್ದಳು. ಎರಡು ಸಲವೂ ನಾನು ಕೊಟ್ಟಾಯಿತು ಎಂದು ಸುಳ್ಳು ಹೇಳಿದೆ.

ಮಗಳು ಎಲ್ಲವನ್ನೂ ಕೇಳಿದಳು. ತಾನು ಕುಡಿದದ್ದು ಯಾರ ಗಂಜಿಯಿಂದ ಬಂದ ಹಾಲು ಎಂಬುದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ಡಬ್ಬಿಯ ತಂತಿ ಸುತ್ತಿದ ಹಿಡಿಕೆಯನ್ನು ತಿರುಗಿಸುತ್ತ ತಾಯಿಯನ್ನು ಕೇಳಿದಳು.

“ಮಮ್ಮೀ, ನಾವು ನಾಡಿದ್ದು ಹೋಗ್ತು. ಅವ್ರು ಇದ್ದಾರೋ ಇಲ್ವೋ ಅದಾದ್ರೂ ಗೊತ್ತದೆಯಾ ನಿಂಗೆ?”

ಗಿರಿಜೆಯ ಮುಖ ಸಣ್ಣಗಾಯಿತು. ಅದೇ ಅವಳನ್ನು ಇಷ್ಟು ವರ್ಷ ತಿನ್ನುತ್ತಿದ್ದ ಹೆದರಿಕೆ: ಹೋಗಿ ಕೇಳಿದರೆ, ಇಲ್ಲ ಎಂದುಬಿಟ್ಟರೆ? ನಾನು ಬಂದರಿನ ಹಳೆಯ ಕೂಲಿಯವನೊಬ್ಬನಿಗೆ ಫೋನು ಮಾಡಿದೆ. ದೇವಕಿಬಾಯಿ ಇದ್ದಾರೆ, ಮೊಣಕಾಲು ಹೋದದ್ದರಿಂದ ಬುಟ್ಟಿ ಹೊರುವುದು ಬಿಟ್ಟಿದ್ದಾರೆ, ಮನೆಯಲ್ಲೇ ಇರುತ್ತಾರೆ ಎಂದು ಆತ ಹೇಳಿದ. ಫೋನಿಟ್ಟು ನೋಡಿದರೆ ಗಿರಿಜೆ ಆಗಲೇ ಅಕ್ಕಿ ತೊಳೆಯುತ್ತಿದ್ದಳು. ಇಪ್ಪತ್ತನಾಲ್ಕು ವರ್ಷ ನಾವು ಮೂವರು ತಲೆ ಕೆಡಿಸಿಕೊಂಡ ಪ್ರಶ್ನೆಗೆ ಅವಳು ಕುಕ್ಕರಿನ ಎರಡು ಸೀಟಿಯಲ್ಲಿ ಉತ್ತರ ಕಂಡುಕೊಂಡಳು. ಕುಚ್ಚಲಕ್ಕಿಯ ತೆಳ್ಳಗಿನ ಗಂಜಿ, ಉಪ್ಪು ಕಮ್ಮಿ.

ಬೈತಖೋಲದ ಗುಡ್ಡದ ಬುಡದಲ್ಲಿ ಅವರ ಮನೆ. ಸ್ಕೂಟರಿನ ಹಿಂದೆ ಗಿರಿಜೆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ರಸ್ತೆಯ ಒಂದೊಂದು ಗುಂಡಿಗೂ ಬಿಸಿ ಗಂಜಿ ನನ್ನ ಬೆನ್ನಿಗೆ ಚಿಮ್ಮುತ್ತಿತ್ತು. ನಾನು ಅದನ್ನು ನ್ಯಾಯವೆಂದೇ ತಿಳಿದು ಸುಮ್ಮನಿದ್ದೆ. ದೇವಕಿಬಾಯಿ ಬಾಗಿಲಲ್ಲಿ ಕಾಲು ಚಾಚಿ ಕೂತು ಒಣ ಸೀಗಡಿಯ ತಲೆ ಮುರಿಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಮ್ಮನ್ನು ನೋಡಿ ಗುರುತು ಹತ್ತಲಿಲ್ಲ ಎಂದುಕೊಂಡೆ. ಆದರೆ ಅವರ ಕಣ್ಣು ನಮ್ಮ ಮುಖ ಬಿಟ್ಟು ಡಬ್ಬಿಯ ಮೇಲೆ ಬಿತ್ತು. ಕೈ ಚಾಚಿದರು. ಗಿರಿಜೆ ಡಬ್ಬಿಯನ್ನು ಅವರ ಕೈಗಿಟ್ಟಳು. ಅವರು ಮುಚ್ಚಳ ತೆಗೆದು ಒಳಗೆ ನೋಡಿದರು, ಮೂಗಿನ ಬಳಿ ಹಿಡಿದು ವಾಸನೆ ನೋಡಿದರು.

“ಈ ಗಂಜಿ ಬೇಯೂಕೆ ಇಷ್ಟು ವರ್ಷ ಬೇಕಾಯ್ತಾ ಬಾಯೀ?”

ಗಿರಿಜೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಳು. ನಾನು ಗಂಡಸಾದ್ದರಿಂದ ಒಣಹಾಕಿದ್ದ ಸೀಗಡಿಯನ್ನು ತುಂಬ ಗಮನವಿಟ್ಟು ನೋಡತೊಡಗಿದೆ. ಅಳು ನಿಂತ ಮೇಲೆ ಅವಳೇ ಕೇಳಿದಳು, ಸಿಟ್ಟು ಬಂದೇ ನಮ್ಮ ಓಣಿ ಬಿಟ್ಟದ್ದಲ್ಲವಾ ಎಂದು. ದೇವಕಿಬಾಯಿ ಡಬ್ಬಿ ಪಕ್ಕಕ್ಕಿಟ್ಟರು.

“ಸಿಟ್ಟಾ? ನಂಗೆಂತಕ್ಕೆ ಸಿಟ್ಟು? ನಾ ಬಂದಾಗೆಲ್ಲ ನಿಮ್ಮತ್ತೆ ಆ ಮುರುಕು ಕಾಲಲ್ಲೇ ಒಳಗೆ ಓಡೂದು, ಡಬ್ಬಿ ತೆಗ್ಯೂದು, ತುಂಬೂಕೆ ಏನೂ ಸಿಗದೆ ಮತ್ತೆ ಇಡೂದು. ಮೀನು ತಕಂಬುದು ಬಿಟ್ಟು ಆ ಜೀವ ನಾಚ್ಕೆಯಿಂದ ಸಾಯ್ತಿತ್ತು. ನಾ ಬಂದ್ರೆ ಡಬ್ಬಿಗೆ ಬಂದೆ ಅಂದಂಗೆ ಆಗ್ತದಲ್ಲಾ. ಅದ್ಕೇ ಆ ಓಣಿನೇ ಬಿಟ್ಟೆ. ಸುತ್ತು ಹಾಕಿ ಮೇಲಿನ ರಸ್ತೆಯಿಂದ ಹೋಗ್ತಿದ್ದೆ.”

ಅವರು ಹೇಳಿದ ಮೇಲಿನ ರಸ್ತೆ ಕಡಿದಾದ ಏರು. ತಲೆಯ ಮೇಲೆ ಒದ್ದೆ ಬುಟ್ಟಿ ಹೊತ್ತವರು ಸುಮ್ಮನೆ ಹತ್ತುವ ರಸ್ತೆಯಲ್ಲ. ಆ ಮೊಣಕಾಲು ಹೋದದ್ದರಲ್ಲಿ ನಮ್ಮ ಪಾಲು ಎಷ್ಟಿರಬಹುದೆಂದು ನನಗೆ ಕೇಳುವ ಧೈರ್ಯವಾಗಲಿಲ್ಲ. ಅವರು ಕೊಟ್ಟಿದ್ದಕ್ಕೆ ಸರಿದೂಗುವುದನ್ನು ಹುಡುಕುತ್ತ ನಾವು ಅವರನ್ನೇ ಕಳೆದುಕೊಂಡಿದ್ದೆವು. ಅವರೂ ಅಷ್ಟೇ, ನಮ್ಮ ಮುಖ ಉಳಿಸಲು ಹೋಗಿ ನಮ್ಮನ್ನು ಬಿಟ್ಟಿದ್ದರು. ಎರಡೂ ಮನೆಯಲ್ಲಿ ಸಿಟ್ಟು ಎಂಬುದು ಸಾಸಿವೆಯಷ್ಟೂ ಇರಲಿಲ್ಲ.

ಅವರು ಆ ಗಂಜಿಯನ್ನು ಅಲ್ಲೇ ಮೂರು ತಾಟಿಗೆ ಸುರಿದರು, ಒಳಗಿನಿಂದ ಸುಟ್ಟ ಒಣ ಬಂಗಡೆ ತಂದು ಮುರಿದು ಹಾಕಿದರು. ಗಿರಿಜೆಗೆ, ಬಾಣಂತಿಗೆ ಹೇಳುವ ಹಾಗೆ, ಬಿಸಿ ಇರುವಾಗಲೇ ಕುಡಿ ಎಂದರು. ಉಪ್ಪು ಸ್ವಲ್ಪ ಹೆಚ್ಚಾಗಿದೆ ಎಂದೂ ಹೇಳಿದರು. ಗಿರಿಜೆ ಅಳುತ್ತ ಅಳುತ್ತ ಅದಕ್ಕೆ ವಾದ ಮಾಡಿದಳು. ಡಬ್ಬಿ ತೊಳೆಸಿಕೊಂಡು ಕಪಾಟಿನಲ್ಲಿ ಅದರ ಜೋಡಿಯ ಪಕ್ಕದಲ್ಲಿ ಕೂತಿತು. ನಾವು ನಾಡಿದ್ದು ಊರು ಬಿಟ್ಟು ಅಗಸೂರಿಗೆ ಹೋಗುತ್ತೇವೆ ಎಂದೆ. ಅಲ್ಲಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದಷ್ಟೇ ಅವರು ಕೇಳಿದರು.

ಟೆಂಪೋದಲ್ಲಿ ಸಾಮಾನು ಹೊತ್ತು ಬಂದು, ಮಗಳು ‘ಬೇಡ’ ಎಂದದ್ದರಲ್ಲಿ ಅರ್ಧಕ್ಕರ್ಧ ಹೊಸ ಮನೆಯಲ್ಲೂ ಬಿಚ್ಚಿಕೊಂಡದ್ದಕ್ಕೆ ಅವಳಿಂದ ನಾಲ್ಕು ಮಾತು ಕೇಳಿಸಿಕೊಂಡು, ನಾವು ಇನ್ನೂ ಪಾತ್ರೆಗೆ ಜಾಗ ಹುಡುಕುತ್ತಿದ್ದ ಒಂದು ಬುಧವಾರ ಹೊತ್ತೇರುವಾಗ ಅಂಗಳದಲ್ಲಿ ಯಾರೋ ಕೆಮ್ಮಿದರು. ನೋಡಿದರೆ ದೇವಕಿಬಾಯಿ. ಕಾರವಾರದಿಂದ ಒಂದು ಬಸ್ಸು, ಅಂಕೋಲೆಯಿಂದ ಸುಂಕಸಾಳದ ಕಡೆ ಹೋಗುವ ಇನ್ನೊಂದು ಬಸ್ಸು ಹಿಡಿದು ಬಂದಿದ್ದರು. ನನ್ನ ಕಣ್ಣು ಹಳೆಯ ಚಾಳಿಯಂತೆ ಮೊದಲು ಅವರ ಕೈಯ ಮೇಲೆ ಹೋಯಿತು. ಚೀಲವಿಲ್ಲ, ಡಬ್ಬಿಯಿಲ್ಲ, ಎಲೆಯಲ್ಲಿ ಕಟ್ಟಿದ ಹೂವೂ ಇಲ್ಲ. ಹೊಸ ಮನೆಗೆ ಯಾರೂ ಹಾಗೆ ಬರುವುದಿಲ್ಲ. ಅವರು ನಾನು ನೋಡಿದ್ದನ್ನು ನೋಡಿದರು.

“ಖಾಲಿ ಕೈಲೇ ಬಂದೆ. ನಂಗೂ ಹಂಗೆ ಹೋಗೂಕೆ ಒಂದು ಮನೆ ಬೇಕಲ್ಲ.”

ಆ ದಿನ ಅವರು ಹೊಸ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಅಡುಗೆಮನೆಗೆ ಕಿಟಕಿ ಚಿಕ್ಕದಾಯಿತು ಎಂದು ಕೊರತೆ ಹೇಳಿ, ಊಟ ಮಾಡಿ, ಚಾಪೆಯ ಮೇಲೆ ಒಂದು ನಿದ್ದೆ ತೆಗೆದರು. ಕೆಲಸದಿಂದ ಮಧ್ಯಾಹ್ನ ಬಂದ ಮೇಘಾಳನ್ನು ಹತ್ತಿರ ಕೂರಿಸಿಕೊಂಡು, ಇಷ್ಟುದ್ದ ಇದ್ದೆ ನೀನು ಎಂದು ಮೊಣಕೈ ತೋರಿಸಿದರು. ಮಗಳು ಮೊಣಕಾಲಿಗೆ ಹಚ್ಚಲು ಎಣ್ಣೆ ತಂದುಕೊಡಲಾ ಎಂದರೆ, ಮುಂದಿನ ಸಲ ಬಂದಾಗ ನೀನೇ ಹಚ್ಚು ಎಂದರು. ಹೊರಡುವ ಹೊತ್ತಿಗೆ ಗಿರಿಜೆಯ ಕೈ ತಾನಾಗಿಯೇ ಕಪಾಟಿನ ಕಡೆ ಹೋಯಿತು, ಮಾವಿನ ಮಿಡಿಯಾದರೂ ಒಂದು ಡಬ್ಬಿಗೆ ಹಾಕಿಕೊಡೋಣವೆಂದು. ದೇವಕಿಬಾಯಿ ಬಾಗಿಲಿನಿಂದಲೇ ಅವಳನ್ನು ನೋಡಿದರು. ಅವಳು ಕೈ ಹಿಂದೆ ತೆಗೆದುಕೊಂಡಳು. ಅದು ಅವಳಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು.

ಬಸ್ಸಿನವರೆಗೆ ನಾನು ಜೊತೆಗೆ ಹೋದೆ. ಅಗಸೂರಿನ ಬಸ್ಸಿನ ಮೆಟ್ಟಿಲು ಎತ್ತರ. ಆ ಮೊಣಕಾಲಿಗೆ ಅದು ಹೇಗೆ ಸಾಧ್ಯ ಎಂದು ಕೈ ಕೊಡಲು ಮುಂದಾದೆ. ಅವರಿಗೆ ಬೇಕಾಗಲಿಲ್ಲ. ಖಾಲಿಯಿದ್ದ ಎರಡೂ ಕೈಯಲ್ಲಿ ಎರಡೂ ಬದಿಯ ಕಂಬಿ ಗಟ್ಟಿಯಾಗಿ ಹಿಡಿದು ಹತ್ತಿ ಹೋದರು.